ಮೂರನೇ ರಿಂಗು

ಒಂದು ರಿಂಗು ಬಂದು ನಿಂತರೆ ಎಲ್ಲ ಸುಸೂತ್ರ. ಎರಡು ಬಂದರೆ ಖಾಕಿ ಸುಳಿದಾಡುತ್ತಿದೆ, ಈ ಕಡೆ ಹಾಯಬೇಡ. ಒಂದಾಗಲಿ ಎರಡಾಗಲಿ, ಫೋನು ಮಾತ್ರ ಎತ್ತಬಾರದು. ಮಾಲತೇಶ ಮತ್ತು ನಾಸೀರ ಆರು ವರ್ಷದಿಂದ ನಡೆಸಿಕೊಂಡು ಬಂದ ಕಟ್ಟಳೆ ಇಷ್ಟೇ. ಮೂರು ರಿಂಗು ಬಂದರೆ ಏನೆಂದು ಅವರು ಯಾವತ್ತೂ ಮಾತಾಡಿಕೊಂಡಿರಲಿಲ್ಲ.

ಇಬ್ಬರೂ ಸಂತೆಯ ಮೇಲೆ ಬದುಕುವವರು. ಮಾಲತೇಶ ಹಿರೇಬೆಂಡಿಗೇರಿಯವನು, ವಯಸ್ಸು ಮೂವತ್ತಾರು. ಮುಖ ಒರೆಸುವ ದಸ್ತಿ, ಟವೆಲ್ಲು, ಲುಂಗಿಗಳ ಗಂಟನ್ನು ಹೆಗಲಿಗೇರಿಸಿಕೊಂಡು ಒಂದು ದಿನ ಹಾನಗಲ್ಲು, ಒಂದು ದಿನ ಶಿಗ್ಗಾವಿ, ಮತ್ತೊಂದು ದಿನ ಹಿರೇಕೆರೂರು ಎಂದು ತಿರುಗುತ್ತಿದ್ದ. ನಾಸೀರ ಅವನಿಗಿಂತ ಏಳು ವರ್ಷ ಚಿಕ್ಕವನು, ಸವಣೂರಿನವನು. ಅಣ್ಣ ಮಕ್ತುಮಸಾಬನ ಹತ್ತಿ ಹಾಸಿಗೆಗಳ ಗಾದಿ ಅಂಗಡಿಗೆ ಅವೇ ಸಂತೆಗಳಲ್ಲಿ ಗಿರಾಕಿ ಹಿಡಿಯುತ್ತಿದ್ದ. ಅವನ ಹುಬ್ಬಿನಲ್ಲಿ ಯಾವಾಗಲೂ ಒಂದೆಳೆ ಹತ್ತಿ ಅಂಟಿಕೊಂಡಿರುತ್ತಿತ್ತು.

ಇದು ನಾಲ್ಕು ಜನಕ್ಕೆ ಕಾಣುವ ಕೆಲಸ. ಕಾಣದ ಕೆಲಸ ಇಬ್ಬರದೂ ಒಂದೇ. ಗಂಡಸರನ್ನು ಹುಡುಕಿಕೊಂಡು ಬರುವ ಗಂಡಸರು ಎಲ್ಲ ಊರಲ್ಲೂ ಇರುತ್ತಾರೆ. ಸಂತೆಯ ದಿನ ಅವರಿಗೆ ಊರು ಬಿಡಲು ಒಂದು ನೆಪ ಸಿಗುತ್ತದೆ. ಸ್ಟ್ಯಾಂಡಿನ ಕಂಬಕ್ಕೆ ಬೆನ್ನು ಕೊಟ್ಟು, ಬಂದ ಬಸ್ಸನ್ನು ಹತ್ತದೆ, ಹೋದ ಬಸ್ಸಿನ ಕಡೆ ನೋಡದೆ ನಿಂತವನು ಯಾರೆಂದು ಅವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಎಲ್ಲ ನಡೆಯುವುದು ನಡು ಮಧ್ಯಾಹ್ನ, ಸಂತೆಯ ಗದ್ದಲದ ಬೆನ್ನಿಗೆ, ಹಳೆಯ ಗೋದಾಮುಗಳ ಮರೆಯಲ್ಲಿ. ಸಂಜೆಯ ಬಸ್ಸಿಗೆ ಆ ಗಂಡಸರೆಲ್ಲ ಕೈಚೀಲದಲ್ಲಿ ಮೆಣಸಿನಕಾಯಿ, ಬದನೆಕಾಯಿ ತುಂಬಿಕೊಂಡು ಮನೆಗೆ ಮರಳುತ್ತಿದ್ದರು.

ಮಾಲತೇಶನ ಗಂಟಿನ ತಳದಲ್ಲಿ ಒಂದು ಸಾಬೂನಿನ ಡಬ್ಬಿ ಇರುತ್ತಿತ್ತು. ಮೊದಲ ವರ್ಷಗಳಲ್ಲಿ ಅವನಿಗೆ ಹೇಸಿಗೆಯಾಗುತ್ತಿದ್ದುದು ಆ ಗಂಡಸರ ಮೇಲೆ. ಗುಟ್ಕಾ ಜಗಿದ ಬಾಯಿಯ ವಾಸನೆ, ಬನಿಯನ್ನಿನಲ್ಲಿ ಒಣಗಿದ ಬೆವರು, ದನದ ಮೈ ತಿಕ್ಕಿ ಬಂದ ಕೈ. ಆಮೇಲಾಮೇಲೆ ಆ ಹೇಸಿಗೆ ಜಾಗ ಬದಲಿಸಿತು. ಎಷ್ಟು ತೊಳೆದರೂ ತನ್ನ ಕೈಗಳಲ್ಲೇ ಏನೋ ಉಳಿದಿದೆ ಎನಿಸತೊಡಗಿತು. ಎರಡು ವರ್ಷದಿಂದ ಅವನು ರೊಟ್ಟಿಯನ್ನು ಕೂಡ ಕೈಯಿಂದ ಮುಟ್ಟುತ್ತಿರಲಿಲ್ಲ. ಚೂರು ಮಾಡಿ ಪಲ್ಯದಲ್ಲಿ ಕಲಸಿಕೊಡಲು ಅಕ್ಕ ಸರೋಜವ್ವನಿಗೆ ಹೇಳಿ, ಚಮಚದಲ್ಲಿ ತಿನ್ನುತ್ತಿದ್ದ. ಗಂಡ ಸತ್ತ ಮೇಲೆ ತಮ್ಮನ ಜತೆಗೇ ಇದ್ದ ಸರೋಜವ್ವ ನೆರೆಮನೆಯವರಿಗೆ ಹೇಳಿ ನಗುತ್ತಿದ್ದಳು: "ನನ್ನ ತಮ್ಮ ಸಾಹೇಬ ಆಗ್ಯಾನವಾ. ನಾಳೆ ರೊಟ್ಟಿ ಕೊಯ್ಯಾಕ ಚಾಕು ಬೇಡ್ತಾನ ನೋಡ."

ಮಾಲತೇಶನೂ ನಗುತ್ತಿದ್ದ. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ಇರಲಿಲ್ಲ.

ರಂಜಾನ್ ಕಳೆದು ಒಂದು ತಿಂಗಳಾಗಿರಬೇಕು. ತಿಳವಳ್ಳಿಯ ಸ್ಟ್ಯಾಂಡಿನೆದುರು ಚಹಾದಂಗಡಿಯಲ್ಲಿ ಇಬ್ಬರೂ ಕೂತಿದ್ದರು. ನಾಸೀರ ಬಡಕಲಾಗಿದ್ದ. ಕುತ್ತಿಗೆಯ ನರ ಎದ್ದು, ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಅವನ ಮುಂದಿನ ಚಹಾದ ಮೇಲೆ ಕೆನೆ ಕಟ್ಟಿ, ಆ ಕೆನೆಯ ಮೇಲೆ ಒಂದು ನೊಣ ಕೂತಿತ್ತು. ಅವನು ಅದನ್ನು ನೋಡುತ್ತಿದ್ದನೇ ಹೊರತು ಓಡಿಸುತ್ತಿರಲಿಲ್ಲ.

"ನಾಕು ತಿಂಗಳಾತು ಅಣ್ಣಾ, ನಿದ್ದಿ ಬಂದಿಲ್ಲ," ಎಂದ.

"ಗಾದಿ ಮಾರಾಂವಗ ನಿದ್ದಿ ಇಲ್ಲಂದ್ರ ಊರ ಮಂದಿ ಗಾದಿ ತಗೊಳ್ಳೋದು ಹೆಂಗಲೇ?" ಎಂದು ಮಾಲತೇಶ ಚೇಷ್ಟೆ ಮಾಡಿದ.

ನಾಸೀರ ತುಟಿ ಅಗಲಿಸಿದ. ಅದು ನಗೆಯಾಗಲಿಲ್ಲ. "ಆ ಏಡ್ಸ್ ಸಂಸ್ಥಾದವರು ಮೂರು ತಿಂಗಳಿಗೊಮ್ಮೆ ಬಂದು ರಕ್ತ ತಗೋತಾರ. ಅದು ಐತೇನು, ಇದು ಐತೇನು ಎಲ್ಲಾ ಕೇಳ್ತಾರ. ನಿದ್ದಿ ಬರ್ತದೇನಪ್ಪಾ ಅಂತ ಒಬ್ರೂ ಕೇಳಂಗಿಲ್ಲ."

"ಕೇಳಿದ್ರ ಏನ್ ಹೇಳ್ತಿದ್ದಿ?"

"ಕಣ್ಣು ಮುಚ್ಚಿದ್ರ ಯಾರದೋ ಉಸಿರು ಕಿವಿಗೆ ಬಡೀತದ ಅಂತ ಹೇಳ್ತಿದ್ದೆ. ಕಣ್ಣು ತೆಗದ್ರ ಬಾಜೂಕ ಇರಮ ಮಲಗಿರ್ತಾಳ." ಇರಮ ಅವನ ಮತ್ತು ಹೆಂಡತಿ ತರನ್ನುಮಳ ನಾಲ್ಕು ವರ್ಷದ ಮಗಳು. "ಮುಂಜಾನೆ ಎದ್ದು ಕೈ ಚಾಚತಾಳ ಅಣ್ಣಾ, ಎತ್ಕೋ ಅಂತ. ನಾ ಎತ್ಕೊಳ್ಳಂಗಿಲ್ಲ. ಈ ಕೈಲೆ ಹೆಂಗ ಎತ್ಕೊಳ್ಳಲಿ ಹೇಳು. ತರನ್ನುಮ ಬೈತಾಳ, ಮಗಳು ಬ್ಯಾಡಾದಳೇನು ನಿನಗ ಅಂತ."

ಮಾಲತೇಶನಿಗೆ ತನ್ನ ಚಮಚ ನೆನಪಾಯಿತು. ಹೇಳಬಹುದಾಗಿತ್ತು. ನನಗೂ ಹಾಗೆಯೇ ಆಗುತ್ತದೆ ಎಂಬ ಮೂರು ಶಬ್ದ ನಾಲಿಗೆಯ ಬುಡಕ್ಕೆ ಬಂದಿದ್ದವು. ಆದರೆ ಅವನ್ನು ಹೊರಗೆ ಬಿಟ್ಟರೆ ತನ್ನದು ಖರೆಯಾಗಿಬಿಡುತ್ತದೆ ಎಂದು ಅಳುಕಿದ. "ಸಾಬೂನು ಹಚ್ಚಿ ತೊಳಿ," ಎಂದಷ್ಟೇ ಅಂದ.

"ತೊಳದೇನಿ. ಚರ್ಮ ಸುಲಿಯೋತನಕ ತೊಳದೇನಿ."

ಅಷ್ಟು ಹೇಳಿ ನಾಸೀರ ಅಳಲು ಶುರು ಮಾಡಿದ. ಸದ್ದಿಲ್ಲದ ಅಳು. ಕಣ್ಣಿನ ನೀರಿಗಿಂತ ಮೂಗಿನ ನೀರೇ ಹೆಚ್ಚು. ಅದು ಮೀಸೆಯನ್ನು ತೋಯಿಸಿ, ತುಟಿಗಿಳಿದು, ಗದ್ದದಿಂದ ದಾರದಂತೆ ಇಳಿಬಿತ್ತು. ಪಕ್ಕದ ಬೆಂಚಿನ ಇಬ್ಬರು ಮಾತು ನಿಲ್ಲಿಸಿ ನೋಡಿದರು. ಮಾಲತೇಶನಿಗೆ ಮರುಕಕ್ಕಿಂತ ಮೊದಲು ಹೇಸಿಗೆಯೇ ಮೇಲೆ ಬಂತು. ಗಂಟು ಬಿಚ್ಚಿ, ನೀಲಿ ಅಂಚಿನ ಒಂದು ಹೊಸ ದಸ್ತಿ ತೆಗೆದು ಅವನ ಕಡೆ ದೂಡಿದ.

ನಾಸೀರ ಮುಖ ಒರೆಸಿಕೊಂಡ. ಮೂಗು ಒರೆಸಿಕೊಂಡ. ಆಮೇಲೆ ಆ ತೊಯ್ದ ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ವಾಪಸು ಚಾಚಿದ.

ಮಾಲತೇಶನ ಬೆನ್ನು ತಾನಾಗಿಯೇ ಹಿಂದಕ್ಕೆ ಸರಿಯಿತು. "ಬ್ಯಾಡ, ಬ್ಯಾಡ. ನಿನ್ನ ಕಡೇನ ಇರ್ಲಿ ಅದು."

ಮಾತು ಉದಾರವಾಗಿತ್ತು. ಬೆನ್ನು ಹೇಳಿದ್ದೇ ಬೇರೆ. ನಾಸೀರ ಆ ಬೆನ್ನನ್ನು ನೋಡಿದ, ಚಾಚಿದ ಕೈಯನ್ನು ನಿಧಾನ ಹಿಂದಕ್ಕೆ ತೆಗೆದುಕೊಂಡ, ದಸ್ತಿಯನ್ನು ಕಿಸೆಗೆ ಹಾಕಿಕೊಂಡ. "ಬಸ್ಸು ಬಂತು," ಎಂದ. ಬಸ್ಸು ಇನ್ನೂ ಬಂದಿರಲಿಲ್ಲ.

ಹದಿನೈದು ದಿನದ ಮೇಲೆ ಹಿರೇಕೆರೂರಿನ ಸಂತೆ. ಪ್ರತಿದಿನ ಹನ್ನೊಂದಕ್ಕೆ ಬರುವ ನಾಸೀರನ ರಿಂಗು ಆವತ್ತು ಹನ್ನೊಂದಕ್ಕೆ ಬರಲಿಲ್ಲ. ಹನ್ನೊಂದೂವರೆ ದಾಟಿದ ಮೇಲೆ ಬಂತು. ಮಾಲತೇಶ ಚಾಪೆಯ ಮೇಲೆ ದಸ್ತಿಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸಿ ಹಾಸುತ್ತಿದ್ದ. ಹೆಸರು ನೋಡಿದ, ಎತ್ತಲಿಲ್ಲ. ಐದು ನಿಮಿಷದಲ್ಲಿ ಮತ್ತೊಂದು ಬಂತು. ಎರಡು. ಸವಣೂರಿನಲ್ಲಿ ಖಾಕಿ ಇಳಿದಿರಬೇಕು. ಇರಲಿ, ನಾನು ಇಂದು ಆ ಕಡೆ ಹೋಗುವವನಲ್ಲವಲ್ಲ ಎಂದುಕೊಂಡ.

ಅಷ್ಟರಲ್ಲಿ ಚಿಕ್ಕೇರೂರಿನ ಬಸವಣ್ಣೆಪ್ಪ ಬಂದು ಚಾಪೆಯ ಮುಂದೆ ನಿಂತ. ಐವತ್ತೈದು ದಾಟಿದ ಆಳು, ಇಸ್ತ್ರಿಯ ಬಿಳಿ ಅಂಗಿ, ಹಣೆಗೆ ಮೂರೆಳೆ ವಿಭೂತಿ. ಊರಲ್ಲಿ ಗಂಡ ಹೆಂಡಿರ ಜಗಳ ಬಂದರೆ ಬುದ್ಧಿ ಹೇಳಲು ಇವನನ್ನೇ ಕರೆಯುತ್ತಿದ್ದರು. ಎರಡು ತಿಂಗಳಿಗೊಮ್ಮೆ ಮಾಲತೇಶನ ಮುಂದೆ ನಿಂತು, ದಸ್ತಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ಏನೂ ಕೊಳ್ಳದೆ ಗೋದಾಮಿನ ಕಡೆ ನಡೆದುಬಿಡುತ್ತಿದ್ದ. ಮಾಲತೇಶ ಪಕ್ಕದ ಬಳೆಗಾರ್ತಿಗೆ ಚಾಪೆ ನೋಡಿಕೊಳ್ಳಲು ಹೇಳಿ, ಗಂಟು ಹೆಗಲಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಹಿಂದೆ ಹೋಗುತ್ತಿದ್ದ.

ಗೋದಾಮಿನಲ್ಲಿ ಕೊಳೆತ ಮೆಕ್ಕೆಜೋಳದ ಹುಳಿ ನಾತ ಹೊಡೆಯುತ್ತಿತ್ತು. ಬಸವಣ್ಣೆಪ್ಪನ ವಿಭೂತಿಯ ಹುಡಿ ಬೆವರಿಗೆ ಕಲಸಿ ಮಾಲತೇಶನ ಹೆಗಲಿಗೆ ಮೆತ್ತಿಕೊಂಡಿದ್ದ ಹೊತ್ತಿಗೆ ಕಿಸೆಯಲ್ಲಿ ಫೋನು ಮೂರನೇ ಸಲ ಹೊಡೆದುಕೊಂಡಿತು.

"ಬಂದ್ ಮಾಡು ಅದನ್ನ," ಎಂದ ಬಸವಣ್ಣೆಪ್ಪ.

ಮೂರು. ಮೂರಕ್ಕೆ ಏನು? ಈ ಸಲ ಅದು ಒಂದೇ ಸಲ ಹೊಡೆದು ನಿಲ್ಲಲಿಲ್ಲ, ಕೊನೆಯತನಕ ಹೊಡೆಯುತ್ತಲೇ ಇತ್ತು. ನಾಸೀರನನ್ನು ಹಿಡಿದಿದ್ದಾರೆ. ಅವನ ಫೋನು ಅವರ ಕೈಯಲ್ಲಿದೆ. ಇರುವ ನಂಬರುಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡುತ್ತಿದ್ದಾರೆ. ಆರು ವರ್ಷ ಕಿವಿಯನ್ನು ಹೀಗೆಯೇ ಪಳಗಿಸಿಕೊಂಡು ಬಂದವನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಗುಂಡಿ ಒತ್ತಿ ಹಿಡಿದು ಫೋನು ಆರಿಸಿಬಿಟ್ಟ.

ಮುಗಿದ ಮೇಲೆ ಬಸವಣ್ಣೆಪ್ಪ ಕೇಳದೆಯೇ ಗಂಟಿನಿಂದ ಒಂದು ದಸ್ತಿ ಎಳೆದು, ಕೈ ಒರೆಸಿ ನೆಲಕ್ಕೆಸೆದ. ಅದರ ಪಕ್ಕದಲ್ಲಿ ಉಗುಳಿದ. "ನಿಮ್ಮಂಥಾರ ಸಲುವಾಗಿ ಊರು ಕೆಟ್ಟು ಹೊಂಟಾವ ನೋಡ," ಎಂದ. ಸಿಟ್ಟಿರಲಿಲ್ಲ, ಬೆಳೆ ಚೆನ್ನಾಗಿ ಬಂದಿಲ್ಲ ಎನ್ನುವ ಧಾಟಿಯಲ್ಲಿ ಹೇಳಿದ.

"ಹೌದ್ರಿ," ಎಂದ ಮಾಲತೇಶ.

ಸಂತೆಯ ನಳದಡಿ ಅವನು ಕೈ ತೊಳೆದ. ಹೆಗಲು ತೊಳೆದ. ಮತ್ತೆ ಕೈ ತೊಳೆದ. ನೀರಿಗೆ ಕೊಡ ಹಿಡಿದು ನಿಂತ ಹೆಂಗಸು, "ಎಪ್ಪಾ, ನಳಾನ ಮನಿಗೆ ಒಯ್ತೀಯೇನು?" ಎಂದಳು.

ಸಂಜೆ ಹೆದರುತ್ತ ಫೋನು ಮತ್ತೆ ಚಾಲೂ ಮಾಡಿ ಕಾದರೆ ಯಾರೂ ಕರೆಯಲಿಲ್ಲ, ಪೊಲೀಸರೂ ಇಲ್ಲ, ಯಾರೂ ಇಲ್ಲ. ಮರುದಿನ ಹನ್ನೊಂದಕ್ಕೆ ರಿಂಗು ಬರಲಿಲ್ಲ. ಹನ್ನೆರಡಕ್ಕೂ ಇಲ್ಲ. ತಾನೇ ಹಚ್ಚಿ ಮಾತಾಡೋಣವೆಂದರೆ ಅದು ಕಟ್ಟಳೆಯಲ್ಲಿರಲಿಲ್ಲ. ತರನ್ನುಮ ಎತ್ತಿದರೆ ನೀವ್ಯಾರು ಎನ್ನುತ್ತಾಳೆ. ರಾತ್ರಿ ಊಟಕ್ಕೆ ಕೂತು ಎರಡು ಚಮಚ ತಿಂದು ಎದ್ದುಬಿಟ್ಟ. ಸರೋಜವ್ವ ನೋಡಿದಳು. ಈ ಸಲ ನಗಲಿಲ್ಲ.

ಮೂರನೇ ದಿನ ಅವನು ಸವಣೂರಿಗೆ ಹೋದ. ಗಾದಿ ಅಂಗಡಿಯಲ್ಲಿ ಹತ್ತಿ ಹಿಂಜುವ ಯಂತ್ರ ನಿಂತಿತ್ತು. ಅರ್ಧ ತುಂಬಿದ ಗಾದಿಯೊಂದು ನೆಲದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಕೆಲಸದ ಆಳು ಮುಜಮ್ಮಿಲ ಮೂಗಿಗೆ ಕಟ್ಟಿದ ಬಟ್ಟೆ ಇಳಿಸಿ, "ನಾಸೀರಭಾಯಿ ದವಾಖಾನ್ಯಾಗ ಅದಾರ್ರಿ. ಹೊಟ್ಟಿನೋವು," ಎಂದ.

"ಯಾವತ್ತಿಂದ?"

"ಮೊನ್ನಿಯಿಂದರಿ. ಹನ್ನೆರಡರ ಸುಮಾರಕ್ಕ. ಅಂಗಡಿ ಹಿಂದ ಬಿದ್ದಿದ್ರು."

ಆ ಹೊಟ್ಟೆನೋವು ಮಾಲತೇಶನಿಗೆ ಗೊತ್ತಿತ್ತು. ಈ ಸೀಮೆಯ ಯಾರಿಗೆ ಗೊತ್ತಿಲ್ಲ? ಪೇಪರಿನ ಒಳಪುಟದ ಮೂಲೆಯಲ್ಲಿ ವಾರಕ್ಕೆರಡು ಸಲ ಅದು ಬರುತ್ತದೆ: ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ. ಸೊಸೆಗೆ ಹೊಟ್ಟೆನೋವು, ಪರೀಕ್ಷೆ ಬರೆದವನಿಗೆ ಹೊಟ್ಟೆನೋವು. ಸತ್ತವರ ಮನೆಯವರು ಬರೆಸುತ್ತಾರೆ, ಬರೆದುಕೊಳ್ಳುವವರು ಬರೆದುಕೊಳ್ಳುತ್ತಾರೆ, ಓದುವವರು ಪುಟ ತಿರುವುತ್ತಾರೆ. ಹನ್ನೆರಡರ ಸುಮಾರಿಗೆ ತಾನೆಲ್ಲಿದ್ದೆ ಎಂದು ನೆನೆದಾಗ ಅವನ ಮೂಗಿಗೆ ಕೊಳೆತ ಮೆಕ್ಕೆಜೋಳದ ನಾತ ಬಂತು. ರಸ್ತೆಯ ಅಂಚಿಗೆ ಹೋಗಿ ಗಟಾರಕ್ಕೆ ಬಾಗಿ ಕಾರಿಕೊಂಡ.

ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಕೊನೆಯ ಮಂಚ ನಾಸೀರನದು. ಮೂಗಿಗೆ ನಳಿಕೆ, ಕೈಗೆ ಸಲೈನು, ತುಟಿಯ ತುದಿಯಲ್ಲಿ ಒಣಗಿದ ಹಳದಿ ಕರೆ. ಕಣ್ಣು ತೆರೆದು ಮೇಲಿನ ಫ್ಯಾನು ನೋಡುತ್ತ ಮಲಗಿದ್ದ. ಮಂಚದ ಪಕ್ಕ ನೆಲದ ಮೇಲೆ ಅವನ ತಾಯಿ ಹುಸೇನಬಿ ಜಪಮಣಿ ಹಿಡಿದು ಕೂತಿದ್ದಳು. ತರನ್ನುಮ ಮಗಳ ಜತೆ ಮನೆಯಲ್ಲಿದ್ದಳು. ಬಾಗಿಲ ಬಳಿ ಮಕ್ತುಮಸಾಬ. ದಪ್ಪ ಮೈ, ನೆರೆತ ಗಡ್ಡ, ಕಾಲಿಗೆ ಅಂಟಿದ ಹತ್ತಿ.

"ನೀವ್ಯಾರ್ರಿ?"

"ದಸ್ತಿ ಮಾರಾಂವರಿ. ಒಂದು ಗಾದಿಗೆ ಹೇಳಿದ್ದೆ ಇವರ ಕಡೆ."

ಮಕ್ತುಮಸಾಬ ಅವನ ಗಂಟು ನೋಡಿದ, ಮುಖ ನೋಡಿದ, ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಣ್ಣಿಟ್ಟ. "ಗಾದಿ ಆಮ್ಯಾಲೆ ಆಗ್ತದ. ಹೋಗಿ ಬರ್ರಿ."

ಮಾಲತೇಶ ಹೋಗಲಿಲ್ಲ. ಗೋಡೆಗೆ ಒತ್ತಿ ನಿಂತ. ನಾಸೀರ ಅವನನ್ನು ಕಂಡ, ಮತ್ತೆ ಫ್ಯಾನಿನ ಕಡೆ ತಿರುಗಿದ.

ಅಷ್ಟರಲ್ಲಿ ಡಾಕ್ಟರು ಬಂದಳು. ಹೆಸರು ಶೈಲಶ್ರೀ, ಮನಸ್ಸಿನ ಡಾಕ್ಟರು, ವಾರಕ್ಕೊಂದು ದಿನ ಮಾತ್ರ ಈ ಆಸ್ಪತ್ರೆಗೆ ಬರುವವಳು. ಕುರ್ಚಿ ಎಳೆದುಕೊಂಡು ಕೂತು ಕೇಸು ಪೇಪರು ಓದಿದಳು.

"ಹೊಟ್ಟಿನೋವು ತಾಳಲಾರದ ವಿಷ ಕುಡದಾರ ಅಂತ ಬರಸೀರಿ."

"ಹೌದ್ರಿ ಮೇಡಂ. ಬಾಳ ದಿನದ ಹೊಟ್ಟಿನೋವು," ಎಂದ ಮಕ್ತುಮಸಾಬ.

"ಸ್ಕ್ಯಾನ್ ಮಾಡ್ಯಾರ. ಹೊಟ್ಟ್ಯಾಗ ಏನೂ ಇಲ್ಲ. ನಾಸೀರ ಅವರ, ನೀವ ಹೇಳ್ರಿ. ಏನಾಗಿತ್ತು?"

ಫ್ಯಾನು ಕಿರುಗುಟ್ಟಿತು. ನಾಸೀರ ಉಸಿರೆಳೆದುಕೊಂಡ, ಬಿಟ್ಟ. ಶೈಲಶ್ರೀ ಸಾಕಷ್ಟು ಹೊತ್ತು ಕಾದಳು. ಆಮೇಲೆ ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾಳೆ ಇವರನ್ನ ಮನಿಗೆ ಕಳಸ್ತಾರ. ಹೊಟ್ಟಿನೋವಂದ್ರ ಅದಕ್ಕೊಂದು ಪುಡಿ ಕೊಡ್ತಾರ, ಅಷ್ಟ. ನಾನು ಬರೋದು ಮುಂದಿನ ವಾರ. ಖರೇ ಏನಂತ ಗೊತ್ತಾದ್ರ ಇವತ್ತ ಔಷಧ ಶುರು ಮಾಡ್ತೇನಿ, ಇಲ್ಲೇ ಇಟ್ಕೊಂಡು ನೋಡ್ಕೊಳ್ಳಾಕ ಹೇಳ್ತೇನಿ. ಇಲ್ಲಂದ್ರ ನನ್ನ ಕೈ ಕಟ್ಟಿದಂಗ. ಒಮ್ಮೆ ಮಾಡಿದವರು ಇನ್ನೊಮ್ಮೆ ಮಾಡ್ತಾರ. ಊರ ಮುಂದಿನ ನಾಚಿಕಿ ದೊಡ್ಡದೋ, ಇಂವ ದೊಡ್ಡಾಂವನೋ, ನೀವ ವಿಚಾರ ಮಾಡ್ರಿ."

ಹುಸೇನಬಿಯ ಬೆರಳಲ್ಲಿ ಮಣಿಗಳು ಸರಿಯುತ್ತಿದ್ದವು.

ಮಾಲತೇಶ ಕಾರಿಡಾರಿನ ತುದಿಯ ತೊಟ್ಟಿಗೆ ಬಂದು ನಳ ತಿರುವಿದ. ಗೋಡೆ ಮುಟ್ಟಿದ ಕೈ. ಡಬ್ಬಿ ತೆಗೆದು ಸಾಬೂನು ಹಚ್ಚಿ ಉಜ್ಜಿದ. ಹೋಗಿಬಿಡಬೇಕು ಎನಿಸಿತು. ಬಾಯಿ ತೆರೆದರೆ ನಾಸೀರನ ಜತೆಗೆ ತಾನೂ ಹೊರಬೀಳುತ್ತೇನೆ. ಸವಣೂರಿಂದ ಹಿರೇಬೆಂಡಿಗೇರಿಗೆ ಎಷ್ಟು ದೂರ? ಸುದ್ದಿಗೆ ಬಸ್ಸೂ ಬೇಡ. ಸರೋಜವ್ವ ಆ ಚಮಚದ ಅರ್ಥವನ್ನು ನೆರೆಮನೆಯವರ ಬಾಯಿಂದ ಕೇಳುತ್ತಾಳೆ. ಬಾಯಿ ಮುಚ್ಚಿಕೊಂಡರೆ ನಾಳೆ ಹೊಟ್ಟೆನೋವಿನ ಪುಡಿ.

ಪಕ್ಕದ ನಳದಲ್ಲಿ ಶೈಲಶ್ರೀ ಕೈ ತೊಳೆದು ದಸ್ತಿಯಲ್ಲಿ ಒರೆಸಿಕೊಂಡಳು. ಹೋಗಲಿಲ್ಲ. ಅವನ ಕೈಗಳನ್ನೇ ನೋಡುತ್ತಿದ್ದಳು. ಬೆರಳ ಸಂದಿಗಳಲ್ಲಿ ಚರ್ಮ ಬಿರಿದು ಕೆಂಪಗೆ ಗೆರೆಗಳೆದ್ದಿದ್ದವು.

"ದಿನಕ್ಕ ಎಷ್ಟು ಸಲ ತೊಳಿತೀರಿ?"

ಈ ಕೆಲಸಕ್ಕಿಳಿದ ಹನ್ನೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅವಳು ಅದನ್ನು ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದಷ್ಟೇ ಸಾದಾ ಕೇಳಿದ್ದಳು.

"ಲೆಕ್ಕ ಇಟ್ಟಿಲ್ರಿ," ಎಂದ. ಸಾಬೂನಿನ ನೊರೆ ಮೊಣಕೈಗಿಳಿಯುತ್ತಿತ್ತು. ಆಮೇಲೆ ಅವನ ಬಾಯಿಂದ ಅವನಿಗೇ ಗೊತ್ತಿಲ್ಲದ ದನಿ ಬಂತು. "ಅಂವನೂ ಹಿಂಗ ತೊಳೀತಾನ್ರಿ."

"ಅಂವ ಅಂದ್ರ?"

"ನಾಸೀರ. ನಾವಿಬ್ರೂ ಒಂದ ಕೆಲಸ ಮಾಡ್ತೇವ್ರಿ. ದಸ್ತಿ ಅಲ್ಲ, ಗಾದಿ ಅಲ್ಲ." ನಿಂತ. ಇನ್ನು ನಿಲ್ಲಿಸಿ ಲಾಭವಿರಲಿಲ್ಲ. "ಸಂತ್ಯಾಗ ಗಂಡಸರು ಬರ್ತಾರ್ರಿ, ಗಂಡಸರನ್ನ ಕೇಳ್ಕೊಂಡು. ಅವರ ಜೋಡಿ ಹೋಗ್ತೇವಿ. ಹೋಗಿ ಬಂದು ಕೈ ತೊಳೀತೇವಿ. ನಾ ನನ್ನ ಕೈಲೆ ಉಣ್ಣಂಗಿಲ್ರಿ. ಅಂವ ಮಗಳನ್ನ ಎತ್ಕೊಳ್ಳಂಗಿಲ್ಲ. ನಿದ್ದಿ ಬಿಟ್ಟು ನಾಕೂವರಿ ತಿಂಗಳಾತು. ನನ್ನ ಮುಂದ ಅತ್ತ. ನನಗ ಹೇಸಿಗಿ ಆತು, ಸರದು ಕುಂತೆ."

"ಮೊನ್ನೆ ಏನರ ಆತೇನು? ಯಾರರ ಹೊಡದ್ರೇನು, ಹೆದರಿಸಿದ್ರೇನು?"

ಮಾಲತೇಶ ಯೋಚಿಸಿದ. ಏನಾದರೂ ದೊಡ್ಡದು ಆಗಿದ್ದರೆ ಹೇಳಲು ಎಷ್ಟು ಸುಲಭವಿತ್ತು. "ಏನೂ ಆಗಿಲ್ರಿ. ದಿನಾ ಆಗೋದ ಆತು."

ಶೈಲಶ್ರೀ ಏನನ್ನೂ ಬರೆದುಕೊಳ್ಳಲಿಲ್ಲ. ಅಯ್ಯೋ ಎನ್ನಲಿಲ್ಲ, ಮೂಗು ಮುರಿಯಲೂ ಇಲ್ಲ. "ಇದು ನನ್ನ ಹೊಟ್ಟ್ಯಾಗ ಇರ್ತದ. ಪೇಪರಿನ್ಯಾಗ ಬರಂಗಿಲ್ಲ," ಎಂದಳು. "ನಿಮಗೂ ಔಷಧ ಐತಿ. ಮೊದಲ ಅವರದ್ದು ನೋಡೂನು." ಕೈ ಚಾಚಿ ಅವನ ನಳವನ್ನು ತಾನೇ ಬಂದ್ ಮಾಡಿ ಔಷಧದ ಕೋಣೆಯ ಕಡೆ ನಡೆದಳು.

ಮಾಲತೇಶ ತಿರುಗಿದರೆ ಮೂರು ಹೆಜ್ಜೆಯಾಚೆ ಮಕ್ತುಮಸಾಬ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಮೂಗಿನ ಹೊಳ್ಳೆಗಳು ಅರಳಿದ್ದವು, ಕೆಟ್ಟ ಮಾಂಸದ ಮುಂದೆ ನಿಂತವನಂತೆ.

"ನೀವ ದಸ್ತಿ," ಎಂದ. "ಅವನ ಫೋನಿನ್ಯಾಗ ನಿಮ್ಮ ಹೆಸರು ಹಂಗ ಐತಿ. ಬೀಳೋಕಿಂತ ಮೊದಲ ಮೂರು ಸಲ ಹಚ್ಯಾನ ನಿಮಗ. ಆಮ್ಯಾಲೆ ನಾ ಹಚ್ಚಿದೆ. ಬಂದ್ ಇತ್ತು."

"ಹೌದ್ರಿ. ನಾನ ಬಂದ್ ಮಾಡಿದ್ದೆ."

"ಥೂ," ಎಂದ ಮಕ್ತುಮಸಾಬ. ಉಗುಳು ಬರಲಿಲ್ಲ, ಬರೀ ಸದ್ದು. ಮಾಲತೇಶ ತಲೆ ತಗ್ಗಿಸಿ ಹೊಡೆತಕ್ಕೆ ಕಾದ. ಹೊಡೆತ ಬರಲಿಲ್ಲ. ಮಕ್ತುಮಸಾಬನ ದನಿ ಇಳಿಯಿತು, ಗಡ್ಡದೊಳಗೇ ಮಾತಾಡಿದ. "ಎರಡು ವರ್ಷ ಆತು ನನಗ ಗೊತ್ತಾಗಿ. ಯಾರೋ ಬಂದು ಹೇಳಿದ್ರು. ನಾ ಅವಂಗ ಏನೂ ಅನ್ನಲಿಲ್ಲ. ಬೈಲಿಲ್ಲ, ಬಡೀಲಿಲ್ಲ. ಮನ್ಯಾಗ ಎಲ್ಲಾರೂ ಒಂದ ತಾಟಿಗೆ ಕೈ ಹಾಕಿ ಉಣ್ಣೋರು ನಾವು. ಅವತ್ತಿಂದ ಅವನ ತಾಟು ಬ್ಯಾರೆ ಇಡಿಸಿದೆ. ಹೊಟ್ಟಿ ಸರಿ ಇಲ್ಲ ಅವಂದು, ಬ್ಯಾರೆ ಊಟ ಕೊಡ್ರಿ ಅಂತ ಅಮ್ಮಾಗ ಹೇಳಿದೆ. ಅವಂಗ ತಿಳೀತು. ಒಂದು ಮಾತು ಆಡಲಿಲ್ಲ, ಸುಮ್ಮ ಬ್ಯಾರೆ ಕುಂತು ಉಂಡ."

ಹೊಟ್ಟೆನೋವು ಎಲ್ಲಿಂದ ಶುರುವಾಯಿತು ಎಂದು ಮಾಲತೇಶನಿಗೆ ಆಗ ತಿಳಿಯಿತು. ಒಬ್ಬ ತಾಟು ಸರಿಸಿದ್ದ, ಇನ್ನೊಬ್ಬ ಬೆನ್ನು ಸರಿಸಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಾಗದೆ ಕಣ್ಣು ಕೆಳಗಿಳಿಸಿದರು.

ಒಳಗಿನಿಂದ ಹುಸೇನಬಿ ಕೂಗಿದಳು. ನಾಸೀರ ಎದ್ದು ಕೂತು ಓಕರಿಸುತ್ತಿದ್ದ. ಹಳದಿ ನೀರು ಗದ್ದಕ್ಕೆ, ಎದೆಗೆ, ಚಾದರಕ್ಕೆ ಇಳಿಯುತ್ತಿತ್ತು. ವಾರ್ಡಿನ ತುಂಬ ಹುಳಿ ಕಹಿ ನಾತ ಹಬ್ಬಿತು. ಪಕ್ಕದ ಮಂಚದವನು ಮೂಗಿಗೆ ಟವೆಲ್ಲು ಒತ್ತಿಕೊಂಡು ಆಚೆ ತಿರುಗಿದ. ಮುದುಕಿ ಬಕೆಟ್ಟು ತರಲು ಓಡಿದಳು. ಮಕ್ತುಮಸಾಬ ಬಾಗಿಲಲ್ಲೇ ಕಾಲು ಕಿತ್ತಿಡಲಾರದೆ ನಿಂತುಬಿಟ್ಟ.

ಮಾಲತೇಶ ಮಂಚದ ಹತ್ತಿರ ಹೋದ. ಹೇಸಿಗೆ ಎಲ್ಲೂ ಹೋಗಿರಲಿಲ್ಲ. ಆದರೂ ಈಗಷ್ಟೇ ತೊಳೆದ ಎರಡೂ ಕೈಗಳನ್ನು ಬೊಗಸೆ ಮಾಡಿ ನಾಸೀರನ ಗದ್ದದ ಕೆಳಗೆ ಹಿಡಿದ. ಬಿಸಿಯಾದ ಅಂಟು ನೀರು ಬೆರಳ ಬಿರುಕುಗಳಿಗಿಳಿದು ಚುರುಚುರು ಉರಿಯಿತು. ಬಕೆಟ್ಟು ಬರುವತನಕ ಹಾಗೆಯೇ ಹಿಡಿದುಕೊಂಡಿದ್ದ.

ಓಕರಿಕೆ ನಿಂತ ಮೇಲೆ ನಾಸೀರ ತಲೆದಿಂಬಿನ ಕೆಳಗೆ ತಡಕಾಡಿ ಏನೋ ತೆಗೆದ. ನೀಲಿ ಅಂಚಿನ ದಸ್ತಿ. ತೊಳೆದು ಇಸ್ತ್ರಿ ಹೊಡೆದದ್ದು.

"ದಿನಾ ತೊಳೀತಿದ್ದ ಅದನ್ನ," ಎಂದಳು ಹುಸೇನಬಿ, ಯಾರಿಗೆಂದಿಲ್ಲದೆ. "ಯಾರದೋ ವಾಪಸ್ ಕೊಡೋದೈತಿ ಅಂತಿದ್ದ, ನಿನ್ನಿ ಮನಿಯಿಂದ ತರಸ್ಕೊಂಡ."

"ತಗೋ ಅಣ್ಣಾ," ಎಂದ ನಾಸೀರ. ಗಂಟಲು ಸುಟ್ಟ ದನಿ, ಹರಕು ಚೀಲದಿಂದ ಗಾಳಿ ಹೊರಟಂತೆ. "ಸ್ವಚ್ಛ ಐತಿ."

ಮಾಲತೇಶ ಕೈಯನ್ನು ತನ್ನ ಅಂಗಿಗೇ ಒರೆಸಿಕೊಂಡು ದಸ್ತಿ ತೆಗೆದುಕೊಂಡ. ಅದರಿಂದ ನಾಸೀರನ ತುಟಿ ಒರೆಸಿದ, ಗದ್ದ ಒರೆಸಿದ, ಮೂಗಿನ ನಳಿಕೆಯ ಸುತ್ತ ಒರೆಸಿದ. ಹಳದಿಯಾದ ಆ ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಕಿಸೆಗೆ ಹಾಕಿಕೊಂಡ. ನಾಸೀರ ಅದನ್ನು ಕೊನೆಯತನಕ ನೋಡಿದ.

"ಮೂರಕ್ಕ ಏನಂತ ನಾವು ಮಾತಾಡೇ ಇರಲಿಲ್ಲ," ಎಂದ ಆಮೇಲೆ.

"ಇಲ್ಲ."

"ನೀ ಬಂದ್ ಮಾಡಿದ್ದು ತಪ್ಪಲ್ಲ."

"ಸುಮ್ನಿರಲೇ." ಮಾಲತೇಶ ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡ. "ಮೂರು ಬಂದ್ರ ಎತ್ತಬೇಕು. ಎಲ್ಲೇ ಇರ್ಲಿ, ಯಾರ ಜೋಡೀನ ಇರ್ಲಿ, ಎತ್ತಬೇಕು. ಇವತ್ತಿಂದ ಹಂಗ."

ಶೈಲಶ್ರೀ ಔಷಧದ ಚೀಟಿ ಹಿಡಿದು ವಾರ್ಡಿನೊಳಗೆ ಬಂದಳು. ಬಾಗಿಲಲ್ಲಿದ್ದ ಮಕ್ತುಮಸಾಬ ಅವಳಿಗೆ ದಾರಿ ಬಿಟ್ಟ. ಸ್ವಲ್ಪ ತಡೆದು ತಾನೂ ಅವಳ ಹಿಂದೆ ಒಂದು ಹೆಜ್ಜೆ ಒಳಗಿಟ್ಟ, ಒಂದೇ ಹೆಜ್ಜೆ.

ಮಾಲತೇಶನ ಬೆರಳುಗಳು ಒಣಗಿ ಅಂಟಂಟಾಗಿದ್ದವು, ನಾತ ಹೊಡೆಯುತ್ತಿದ್ದವು. ಕಾರಿಡಾರಿನ ತುದಿಯಲ್ಲಿ ನಳ ತೊಟ್ಟಿಕ್ಕುವ ಸದ್ದು ಅವನಿಗೆ ಕೇಳಿಸುತ್ತಲೇ ಇತ್ತು. ಎದ್ದು ಹೋಗಲು ಕಾಲು ತಹತಹಿಸಿದವು. ಅವನು ಏಳಲಿಲ್ಲ.